ಬಿರುಕು ಬಿಟ್ಟ ಹಲ್ಲು ಬೇಸಿಗೆ ರಜೆಗೆ ಕಾಯದು

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂಬ ಗಾದೆ ನಮಗೆಲ್ಲ ಪರಿಚಿತ. ವಸಂತ್ ಕುಂಜ್‌ನಲ್ಲಿ ನೆಲೆಸಿರುವ ಕನ್ನಡಿಗರಿಗೆ ಕಡಲೆಗಾಗಲಿ, ಊರಿನಿಂದ ಬರುವ ಕೋಡುಬಳೆ, ನಿಪ್ಪಟ್ಟು, ಅಡಕೆಗಳಿಗಾಗಲಿ ಕೊರತೆಯಿಲ್ಲ. ಆದರೆ ಹಲ್ಲು ನೊಂದಾಗ ಮಾತ್ರ "ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಡಾಕ್ಟರಿಗೆ ತೋರಿಸೋಣ" ಎಂದು ಮುಂದೂಡುವುದು ನಮ್ಮಲ್ಲಿ ರೂಢಿಯಾಗಿದೆ. ಬಿರುಕು ಬಿಟ್ಟ ಹಲ್ಲಿನ ವಿಷಯದಲ್ಲಿ ಈ ರೂಢಿಯನ್ನು ಕೈಬಿಡಬೇಕೆಂಬುದು ನನ್ನ ಅಭಿಪ್ರಾಯ.

ಮುರಿದ ಮೂಳೆ ಕೂಡಿಕೊಳ್ಳುತ್ತದೆ; ಸೀಳಿದ ಹಲ್ಲು ತಾನಾಗಿ ಕೂಡಿಕೊಳ್ಳುವುದಿಲ್ಲ. ಎನಾಮೆಲ್ ಎಂಬ ಅದರ ಹೊರಕವಚದಲ್ಲಿ ಜೀವಕೋಶಗಳೇ ಇಲ್ಲ. ಅಗಿದಂತೆಲ್ಲ ಬಿರುಕು ಆಳಕ್ಕಿಳಿಯಬಹುದು. ಹಿಂದೆ ದೊಡ್ಡದಾಗಿ ಸಿಮೆಂಟು ತುಂಬಿಸಿದ ದವಡೆ ಹಲ್ಲುಗಳಿಗೆ, ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಈ ಅಪಾಯ ಹೆಚ್ಚು.

ಇದನ್ನು ಗುರುತಿಸುವುದು ಸುಲಭವಲ್ಲ. ಗಟ್ಟಿ ಪದಾರ್ಥವನ್ನು ಕಚ್ಚಿದಾಗ, ಅದರಲ್ಲಿಯೂ ಕಚ್ಚಿ ಬಿಟ್ಟ ಕ್ಷಣದಲ್ಲಿ, ಸೂಜಿಯಿಂದ ಚುಚ್ಚಿದಂತಹ ನೋವು ಬಂದು ಮಾಯವಾಗುತ್ತದೆ. ತಣ್ಣೀರು ತಗುಲಿದರೆ ಜುಮ್ಮೆನ್ನುತ್ತದೆ. ಯಾವ ಹಲ್ಲೆಂದು ರೋಗಿಗೂ ಅನೇಕ ವೇಳೆ ತಿಳಿಯದು. 1964ರಲ್ಲಿ ಕ್ಯಾಮೆರಾನ್ ಎಂಬ ದಂತವೈದ್ಯರು ಇದಕ್ಕೆ ‘ಕ್ರ್ಯಾಕ್ಡ್ ಟೂತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಕೂದಲೆಳೆಯಷ್ಟು ಸಣ್ಣ ಸೀಳು ಎಕ್ಸ್‌ರೇಯಲ್ಲಿ ಹಲವೊಮ್ಮೆ ಕಾಣಿಸದು. ಆದುದರಿಂದ ಚಿತ್ರದಲ್ಲಿ ಏನೂ ಇಲ್ಲವೆಂದೊಡನೆ ನಿಶ್ಚಿಂತರಾಗಬಾರದು. ಹಲ್ಲಿನ ಒಂದೊಂದು ಮೊನೆಯಿಂದಲೂ ಕಚ್ಚಿಸಿ ನೋಡುವ, ಹಲ್ಲಿಗೆ ಬೆಳಕು ಹಾಯಿಸಿ ಪರೀಕ್ಷಿಸುವ ಕ್ರಮಗಳಿವೆ.

ಚಿಕಿತ್ಸೆಯು ಬಿರುಕಿನ ಆಳವನ್ನು ಅವಲಂಬಿಸಿದೆ. ಬಿರುಕು ತಿರುಳನ್ನು ಮುಟ್ಟಿರದಿದ್ದರೆ ಕ್ಯಾಪ್ ತೊಡಿಸಿ ಹಲ್ಲನ್ನು ಬಿಗಿಗೊಳಿಸುವರು. ತಿರುಳು ಕೆಟ್ಟಿದ್ದರೆ ಮೊದಲು ರೂಟ್ ಕೆನಾಲ್, ಅನಂತರ ಕ್ಯಾಪ್. ಬೇರಿನ ಆಳದವರೆಗೆ ಸೀಳಿದ್ದರೆ ಸಾಮಾನ್ಯವಾಗಿ ಕೀಳಿಸುವುದೊಂದೇ ದಾರಿ. ನಾವು ಊರಿನ ಪ್ರಯಾಣಕ್ಕಾಗಿ ಕಾಯುವ ತಿಂಗಳುಗಳಲ್ಲಿ ಮೊದಲನೆಯ ಸ್ಥಿತಿ ಮೂರನೆಯದಾಗಬಹುದು. ಲವಂಗದೆಣ್ಣೆ ನೋವನ್ನು ಮರೆಸೀತು, ಬಿರುಕನ್ನು ಮುಚ್ಚದು. ಇನ್ನೊಂದು ಬದಿಯಲ್ಲಿ ಅಗಿಯುವುದು ವೈದ್ಯರನ್ನು ಕಾಣುವವರೆಗಿನ ಉಪಾಯವಷ್ಟೆ.

ಖರ್ಚಿನ ಚಿಂತೆಯುಳ್ಳವರಿಗೆ ದೆಹಲಿಯಲ್ಲಿ ಸರ್ಕಾರಿ ವ್ಯವಸ್ಥೆಯಿದೆ. ಅನ್ಸಾರಿ ನಗರದ ಏಮ್ಸ್‌ನಲ್ಲಿ ದಂತಚಿಕಿತ್ಸಾ ಕೇಂದ್ರವಿದೆ. ಮೌಲಾನಾ ಆಜಾದ್ ದಂತ ವಿಜ್ಞಾನ ಸಂಸ್ಥೆಯೂ ಇದೆ. ನಮ್ಮೊಡನೆ ಬಂದು ನೆಲೆಸಿರುವ ವೃದ್ಧ ತಂದೆತಾಯಿಯರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಕಚ್ಚಿ ಬಿಟ್ಟಾಗ ನೋಯುವುದೆಂದು ಹಿಂದಿಯಲ್ಲಿ ವಿವರಿಸಲಾರದೆ ಅವರು ಸುಮ್ಮನಾಗುತ್ತಾರೆ. ಚಕ್ಕುಲಿಯನ್ನು ಮೆಲ್ಲನೆ ಬದಿಗೆ ಸರಿಸುತ್ತಾರೆ. ಅದನ್ನು ಕಂಡ ದಿನವೇ ಕೇಳಿ ತಿಳಿದು, ಅವರೊಡನೆ ವೈದ್ಯರ ಬಳಿಗೆ ಹೋಗುವುದು ಮಕ್ಕಳ ಕರ್ತವ್ಯ.