ಆಸ್ಟ್ರಿಯದವರು ಜರ್ಮನರೇ?

ಆಲೂಗಡ್ಡೆಯನ್ನು ಬರ್ಲಿನ್ನಿನವರು ಕಾರ್ಟೋಫೆಲ್ ಎಂದು ಕರೆಯುತ್ತಾರೆ. ವಿಯೆನ್ನದವರು ಎರ್ಡಾಪ್ಫೆಲ್, ಎಂದರೆ ನೆಲದ ಸೇಬು, ಎನ್ನುತ್ತಾರೆ. ಹತ್ತು ಹರಿದಾರಿಗೆ ಮಾತು ಬೇರೆಯಾಗುವುದು ಎಲ್ಲ ನಾಡುಗಳಲ್ಲಿಯೂ ಇದ್ದದ್ದೇ, ಇದರಲ್ಲಿ ವಿಶೇಷವೇನು ಎಂದು ವಾಚಕರು ಕೇಳಬಹುದು. ವಿಶೇಷವೇನೆಂದರೆ, ಈ ಹೆಸರು ಒಂದು ಅಂತರರಾಷ್ಟ್ರೀಯ ಕರಾರಿನಲ್ಲಿ ಸ್ಥಾನ ಪಡೆದಿದೆ. 1994ರಲ್ಲಿ ಆಸ್ಟ್ರಿಯವು ಐರೋಪ್ಯ ಒಕ್ಕೂಟವನ್ನು ಸೇರಲು ಸಹಿ ಹಾಕಿದ ಒಪ್ಪಂದಕ್ಕೆ ಹತ್ತನೆಯ ಪ್ರೋಟೋಕಾಲ್ ಎಂಬ ಅನುಬಂಧ ಉಂಟು. ಅದರಲ್ಲಿ 23 ಆಹಾರಪದಾರ್ಥಗಳ ಹೆಸರುಗಳನ್ನು ಪಟ್ಟಿಮಾಡಿ, ಜರ್ಮನಿಯಲ್ಲಿ ಬಳಕೆಯಲ್ಲಿರುವ ಪದಕ್ಕೆ ಇರುವ ಮನ್ನಣೆಯೇ ಆಸ್ಟ್ರಿಯದ ಪದಕ್ಕೂ ಸಲ್ಲತಕ್ಕದ್ದೆಂದು ವಿಧಿಸಲಾಗಿದೆ. ಆ ವರ್ಷದ ಜೂನ್ ತಿಂಗಳಲ್ಲಿ ಜನಮತಗಣನೆ ನಡೆದಾಗ, ಒಕ್ಕೂಟವನ್ನು ಸೇರಿದರೂ ಎರ್ಡಾಪ್ಫೆಲ್ ಸಲಾಡು ಎರ್ಡಾಪ್ಫೆಲ್ ಸಲಾಡಾಗಿಯೇ ಉಳಿಯುವುದೆಂದು ವಿಯೆನ್ನದ ಬೀದಿಗಳಲ್ಲಿ ಭಿತ್ತಿಪತ್ರಗಳು ಭರವಸೆ ಕೊಟ್ಟಿದ್ದುವು.

ಭಾಷೆಯನ್ನು ಕಲಿಸುವವನಿಗೆ ಆ ಪಟ್ಟಿಯನ್ನು ಓದುವುದೇ ಒಂದು ಸಂತೋಷ. ಹೂಕೋಸಿಗೆ ಜರ್ಮನರು, ನಮ್ಮಂತೆಯೇ, ಹೂವನ್ನೂ ಕೋಸನ್ನೂ ಕೂಡಿಸಿ ಮಾಡಿದ ಸಮಾಸಪದವನ್ನು ಬಳಸಿದರೆ ಆಸ್ಟ್ರಿಯದವರದು ಇಟಲಿಯಿಂದ ಬಂದ ಕಾರ್‌ಫಿಯೋಲ್. ಬದನೆಕಾಯಿಗೂ ಇವರದು ಇಟಲಿಯ ಹೆಸರೇ; ಜರ್ಮನರು ಅದನ್ನು ಫ್ರೆಂಚರಿಂದ ತಂದುಕೊಂಡಿದ್ದಾರೆ. ಪ್ಲಮ್ ಹಣ್ಣನ್ನು ಕುದಿಸಿ ಮಾಡುವ ಗಟ್ಟಿ ಪಾಕಕ್ಕೆ ಪೋವಿಡ್ಲ್ ಎಂಬ ಚೆಕ್ ಹೆಸರು. ಟೊಮೇಟೊ ಅವರಿಗೆ ಪಾರಾಡೈಸರ್, ಸ್ವರ್ಗದ ಹಣ್ಣು. ಹಾಬ್ಸ್‌ಬರ್ಗ್ ಸಾಮ್ರಾಜ್ಯವು 1918ರಲ್ಲಿ ಒಡೆದುಹೋಯಿತು. ಬೊಹಿಮಿಯವೂ ಆಡ್ರಿಯಾಟಿಕ್ ತೀರವೂ ಕೈಬಿಟ್ಟುವು. ಅಡಿಗೆಯ ಮನೆಯಲ್ಲಿ ಮಾತ್ರ ಅವು ಇಂದಿಗೂ ಆಸ್ಟ್ರಿಯದ ಅಧೀನದಲ್ಲಿವೆ.

ಬಿರುದುಗಳ ವಿಷಯವೂ ಹೀಗೆಯೇ. 1919ರಲ್ಲಿ ಆಸ್ಟ್ರಿಯದ ಹೊಸ ಗಣರಾಜ್ಯ ಶ್ರೀಮಂತವರ್ಗದ ಪದವಿಗಳನ್ನು ರದ್ದುಮಾಡಿ, ಹೆಸರಿನ ಹಿಂದಿನ ‘ಫಾನ್’ ಎಂಬುದನ್ನೂ ಕಿತ್ತುಹಾಕಿತು. ಜರ್ಮನಿಯಲ್ಲಿ ಅದು ಹೆಸರಿನ ಭಾಗವಾಗಿ ಇಂದಿಗೂ ಉಳಿದಿದೆ. ಇಷ್ಟಾದ ಮೇಲೆ ಆಸ್ಟ್ರಿಯವೇ ಬಿರುದುಗಳ ಮೋಹವಿಲ್ಲದ ನಾಡಾಗಬೇಕಾಗಿತ್ತು. ಆದುದು ವಿಪರೀತ. ‘ಹೋಫ್‌ರಾಟ್’ ಎಂದರೆ ಆಸ್ಥಾನದ ಸಲಹೆಗಾರ; ಆಸ್ಥಾನವಿಲ್ಲದೆ ನೂರು ವರ್ಷಗಳಿಗೆ ಮೇಲಾದರೂ ಗಣರಾಜ್ಯದ ಅಧ್ಯಕ್ಷರು ಆ ಬಿರುದನ್ನು ಇನ್ನೂ ದಯಪಾಲಿಸುತ್ತಲೇ ಇದ್ದಾರೆ.

ಇಂಥ ಸಂಗತಿಗಳನ್ನು ಕೂಡಿಸಿ ಜರ್ಮನನ ಸ್ವಭಾವ ಇಂಥದು, ಆಸ್ಟ್ರಿಯದವನದು ಇಂಥದು ಎಂದು ಎರಡು ಚಿತ್ರಗಳನ್ನು ಬರೆಯುವುದು ವಾಡಿಕೆ. ಜರ್ಮನನು ‘ಆಗದು’ ಎಂದು ಮುಖಕ್ಕೆ ಹೇಳುತ್ತಾನಂತೆ. ವಿಯೆನ್ನದವನು ‘ನೋಡೋಣ’ ಎನ್ನುತ್ತಾನಂತೆ, ಅರ್ಥ ಮಾತ್ರ ಒಂದೇ. (ಈ ಎರಡನೆಯ ಪದ್ಧತಿ ನಮಗೇನೂ ಅಪರಿಚಿತವಲ್ಲ.) ಕವಿ ಹೂಗೋ ಫಾನ್ ಹೋಫ್‌ಮನ್ಸ್‌ಥಾಲ್ 1917ರಲ್ಲಿ, ಮಹಾಯುದ್ಧದ ನಡುವೆ, ಈ ಹೋಲಿಕೆಯನ್ನು ಎರಡು ಅಂಕಣಗಳ ಕೋಷ್ಟಕವಾಗಿಯೇ ಬರೆದಿಟ್ಟನು. ಆದರೆ ಒಂದು ಅಂಕಣದ ನೆತ್ತಿಯ ಮೇಲೆ ಆತನು ಬರೆದ ಹೆಸರು ಪ್ರಷ್ಯದವನದು, ಜರ್ಮನನದಲ್ಲ. ಅವನ ಅನುಯಾಯಿಗಳು ಈ ಎಚ್ಚರವನ್ನು ಮರೆತರು. ಬವೇರಿಯದ ರೈತನೂ ಸಾಲ್ಸ್‌ಬರ್ಗಿನ ರೈತನೂ ‘ಗ್ರ್ಯೂಸ್ ಗಾಟ್’ ಎಂದು ದೇವರ ಹೆಸರು ಹೇಳಿಯೇ ವಂದಿಸುವವರು. ಇಬ್ಬರದೂ ಕ್ಯಾಥೊಲಿಕ್ ಸಂಪ್ರದಾಯ, ಒಂದೇ ಉಪಭಾಷೆ. ಆ ಬವೇರಿಯದವನಿಗೆ ಹ್ಯಾಂಬರ್ಗಿನವನೇ ಹೆಚ್ಚು ದೂರದವನು. ಆಸ್ಟ್ರಿಯದ ಪಶ್ಚಿಮ ತುದಿಯ ಫೋರಾರ್ಲ್‌ಬರ್ಗಿನ ಜನರಾದರೋ 1919ರಲ್ಲಿ ನೂರಕ್ಕೆ ಸುಮಾರು 80ರಂತೆ ಮತ ಕೊಟ್ಟು ತಾವು ಸ್ವಿಟ್ಸರ್ಲೆಂಡಿಗೆ ಸೇರಬೇಕೆಂದು ಕೇಳಿದರು. ಸ್ವಭಾವದ ಗೆರೆ ಒಂದು ಕಡೆ, ರಾಜ್ಯದ ಗಡಿ ಇನ್ನೊಂದು ಕಡೆ. ಹೀಗಿರುವಾಗ ವ್ಯತ್ಯಾಸವನ್ನು ಸ್ವಭಾವದಲ್ಲಿ ಹುಡುಕುವುದು ವ್ಯರ್ಥವೆಂದು ನನ್ನ ಅಭಿಪ್ರಾಯ. ಅದನ್ನು ಹುಡುಕಬೇಕಾದುದು ಚರಿತ್ರೆಯಲ್ಲಿ, ಅದರಲ್ಲಿಯೂ ಕಳೆದ ನೂರು ವರ್ಷಗಳ ಚರಿತ್ರೆಯಲ್ಲಿ.

ಭಾಷೆ ಒಂದಾದರೆ ನಾಡೂ ಒಂದಾಗಬೇಕು ಎಂಬ ನಂಬಿಕೆಯ ಮೇಲೆ 1956ರಲ್ಲಿ ರಾಜ್ಯವನ್ನು ಕಟ್ಟಿಕೊಂಡವರು ನಾವು. ನಮಗೆ ಆಸ್ಟ್ರಿಯದ ಕಥೆ ವಿಚಿತ್ರವಾಗಿ ತೋರುತ್ತದೆ. ಅಲ್ಲಿಯೂ ಮೊದಲು ಇದೇ ನಂಬಿಕೆ ಇತ್ತು. ಸಾಮ್ರಾಜ್ಯ ಕುಸಿದ 1918ರ ನವೆಂಬರ್ 12ರಂದು ವಿಯೆನ್ನದ ತಾತ್ಕಾಲಿಕ ಸಭೆ, ‘ಜರ್ಮನ್ ಆಸ್ಟ್ರಿಯ’ವು ಜರ್ಮನ್ ಗಣರಾಜ್ಯದ ಭಾಗವೆಂದೇ ಸಾರಿತ್ತು. ಗೆದ್ದ ರಾಷ್ಟ್ರಗಳು ಮರುವರ್ಷ ಅದಕ್ಕೆ ತಡೆ ಹಾಕಿದುವು. 1938ರ ಮಾರ್ಚಿಯಲ್ಲಿ ಹಿಟ್ಲರನ ಸೈನ್ಯ ಗಡಿ ದಾಟಿ ಬಂದಾಗ, ಸೆರೆಮನೆ ಸೇರಿದವರೂ ಗಡೀಪಾರಾದವರೂ ಅನೇಕರು. ಆದರೆ ವಿಯೆನ್ನದ ವೀರರ ಮೈದಾನದಲ್ಲಿ ನೆರೆದು ಜಯಕಾರ ಮಾಡಿದ ಜನಸ್ತೋಮವೂ ಕಡಿಮೆಯದಲ್ಲ.

ಏಳು ವರ್ಷಗಳ ತರುವಾಯ ಅದೇ ನಾಡು ತಾನು ಜರ್ಮನಿಯಲ್ಲವೆಂದು ಸಾಧಿಸಲು ಹೊರಟಿತು. ಶಾಲೆಗಳಲ್ಲಿ ‘ಜರ್ಮನ್’ ಎಂಬ ವಿಷಯದ ಹೆಸರನ್ನೇ ತೆಗೆದು ‘ಬೋಧನಾಭಾಷೆ’ ಎಂದು ಬರೆಯಿಸಿದರು. ವಿದ್ಯಾಮಂತ್ರಿಯ ಹೆಸರು ಹುರ್ಡೆಸ್. ಜನರು ಆ ಭಾಷೆಗೆ ‘ಹುರ್ಡೆಸ್ತಾನಿ’ ಎಂದು ನಾಮಕರಣ ಮಾಡಿ ನಕ್ಕರು. 1951ರಲ್ಲಿ ಆಸ್ಟ್ರಿಯದ್ದೇ ಆದ ನಿಘಂಟು ಹೊರಟಿತು. 1955ರಲ್ಲಿ ಸ್ವಾತಂತ್ರ್ಯದ ಒಪ್ಪಂದವೂ ತಟಸ್ಥನೀತಿಯ ಕಾನೂನೂ ಬಂದುವು. ಆದರೂ ಆ ದಶಕದಲ್ಲಿ ವಿಚಾರಿಸಿದಾಗ ತಮ್ಮದು ಪ್ರತ್ಯೇಕ ರಾಷ್ಟ್ರವೆಂದು ಹೇಳಿದವರು ಸುಮಾರು ಅರ್ಧದಷ್ಟು ಜನ ಮಾತ್ರ. ಮುಂದಿನ ಎರಡು ತಲೆಮಾರುಗಳಲ್ಲಿ ಅದು ಬಹುಜನರ ನಂಬಿಕೆಯಾಯಿತು. 1978ರಲ್ಲಿ ಕಾರ್ಡೊಬದ ಕಾಲ್ಚೆಂಡಿನ ಪಂದ್ಯದಲ್ಲಿ ಪಶ್ಚಿಮ ಜರ್ಮನಿಯನ್ನು 3-2ರಿಂದ ಸೋಲಿಸಿದ್ದನ್ನು ಅವರು ಇಂದಿಗೂ ಹಬ್ಬದಂತೆ ನೆನೆಯುತ್ತಾರೆ. ಒಂದು ಜನತೆ ತಾನು ಬೇರೆಯೆಂದು ನಿಶ್ಚಯಿಸಿ ಬೇರೆಯಾದ ಉದಾಹರಣೆ ಇದು. ಇದರಲ್ಲಿ ಹಾಸ್ಯಕ್ಕೆ ಎಡೆಯಿದ್ದರೂ ಅಗೌರವಕ್ಕೆ ಕಾರಣವಿಲ್ಲ.

ಆದರೆ ಈ ಬೇರ್ಪಡೆಗೆ ತೆತ್ತ ಬೆಲೆಯೊಂದಿದೆ. 1943ರಲ್ಲಿ ಮಾಸ್ಕೋದಲ್ಲಿ ಮಿತ್ರರಾಷ್ಟ್ರಗಳು ಹೊರಡಿಸಿದ ಘೋಷಣೆಯಲ್ಲಿ ಆಸ್ಟ್ರಿಯವು ಹಿಟ್ಲರನ ಆಕ್ರಮಣಕ್ಕೆ ಮೊದಲು ಬಲಿಯಾದ ದೇಶ ಎಂಬ ಮಾತಿತ್ತು. ಯುದ್ಧದಲ್ಲಿ ಭಾಗಿಯಾದ ಹೊಣೆ ಅದರ ಮೇಲಿದೆಯೆಂಬ ಮಾತೂ ಇತ್ತು. ಮೊದಲನೆಯದನ್ನು ಎಲ್ಲರೂ ಕಂಠಪಾಠ ಮಾಡಿದರು. ಎರಡನೆಯದನ್ನು 1955ರ ಒಪ್ಪಂದದ ಪೀಠಿಕೆಯಿಂದ, ಸಹಿಯ ಹಿಂದಿನ ದಿನ, ವಿದೇಶಾಂಗ ಮಂತ್ರಿ ಲಿಯೋಪೋಲ್ಡ್ ಫಿಗ್ಲ್ ತೆಗೆಯಿಸಿದರು. ಫಿಗ್ಲ್ ಸ್ವತಃ ದಾಖೌ ಶಿಬಿರದಲ್ಲಿ ನರಳಿದ್ದವರು. ಅವರಿಗೆ ಆ ಹಕ್ಕಿತ್ತೆನ್ನೋಣ. ಆದರೆ ಅವರ ಬೆನ್ನ ಹಿಂದೆ ಇಡೀ ನಾಡೇ ಅಡಗಿಕೊಂಡಿತು. ಮೌತ್‌ಹೌಸನ್ ಯಾತನಾಶಿಬಿರ ಇದ್ದುದು ಆಸ್ಟ್ರಿಯದ ನೆಲದಲ್ಲಿ; ನ್ಯೂರೆಂಬರ್ಗಿನ ತೀರ್ಪಿನಂತೆ 1946ರಲ್ಲಿ ಗಲ್ಲಿಗೇರಿದ ಕಾಲ್ಟೆನ್‌ಬ್ರುನ್ನರ್ ಆಸ್ಟ್ರಿಯದವನು. ‘ಅದನ್ನೆಲ್ಲ ಮಾಡಿದವರು ಜರ್ಮನರು’ ಎಂದುಬಿಟ್ಟರೆ ಮುಗಿಯಿತು.

ಪಶ್ಚಿಮ ಜರ್ಮನಿಗೆ ಈ ಅನುಕೂಲವಿರಲಿಲ್ಲ. ಅಲ್ಲಿಯೂ ಮೊದಲು ಮೌನವೇ ಇತ್ತು. ಆದರೆ 1963ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಆಷ್‌ವಿಟ್ಸ್ ವಿಚಾರಣೆ ಆರಂಭವಾಯಿತು, 1970ರಲ್ಲಿ ವಿಲ್ಲಿ ಬ್ರಾಂಟ್ ವಾರ್ಸಾದ ಸ್ಮಾರಕದ ಮುಂದೆ ಮಂಡಿಯೂರಿದರು. ಆಸ್ಟ್ರಿಯದಲ್ಲಿ ಈ ಗಾಯ ಬಾಯಿಬಿಟ್ಟದ್ದು 1986ರಲ್ಲಿ, ತನ್ನ ಯುದ್ಧಕಾಲದ ಸೇವೆಯನ್ನು ಮರೆಮಾಡಿದ್ದ ಕುರ್ಟ್ ವಾಲ್ಡ್‌ಹೈಮ್ ಅಧ್ಯಕ್ಷರಾಗಿ ಚುನಾಯಿತರಾದಾಗ. ಚಾನ್ಸಲರ್ ಫ್ರಾನಿಟ್ಸ್‌ಕಿ ಸಂಸತ್ತಿನಲ್ಲಿ ಹೊಣೆಯನ್ನು ಒಪ್ಪಿಕೊಂಡಾಗ 1991 ಆಗಿತ್ತು. ಇಪ್ಪತ್ತೊಂದು ವರ್ಷಗಳ ಈ ಅಂತರವನ್ನು ನಾನು ಎರಡು ಸಂಸ್ಕೃತಿಗಳ ನಡುವಿನ ನಿಜವಾದ ಅಂತರವೆಂದು ತಿಳಿಯುತ್ತೇನೆ. ಮಿಕ್ಕದ್ದೆಲ್ಲ ಆಲೂಗಡ್ಡೆ.

ಇತ್ತೀಚಿನ ರಾಜಕೀಯವನ್ನು ಈ ಬೆಳಕಿನಲ್ಲಿ ನೋಡಬೇಕು. ಆಸ್ಟ್ರಿಯದ ಸ್ವಾತಂತ್ರ್ಯ ಪಕ್ಷ ಹುಟ್ಟಿದ್ದು 1956ರಲ್ಲಿ. ಅದರ ಮೊದಲ ನಾಯಕ ಎಸ್.ಎಸ್. ದಳದಲ್ಲಿ ಅಧಿಕಾರಿಯಾಗಿದ್ದವನು. ಆಸ್ಟ್ರಿಯದವರು ಜರ್ಮನರೇ ಎಂಬುದು ಆ ಪಂಗಡದ ಹಳೆಯ ಸಿದ್ಧಾಂತ. ಅದರ ನಾಯಕ ಯೋರ್ಗ್ ಹೈಡರ್ 1988ರಲ್ಲಿ ಆಸ್ಟ್ರಿಯ ರಾಷ್ಟ್ರವೆಂಬುದೇ ಒಂದು ವಿಕೃತ ಶಿಶು ಎಂದು ಜರೆದನು. ಐದು ವರ್ಷ ಕಳೆಯುವುದರೊಳಗೆ ಅವನೇ ‘ಆಸ್ಟ್ರಿಯ ಮೊದಲು’ ಎಂಬ ಚಳವಳಿಗೆ ನಾಯಕನಾದನು! ರಾಷ್ಟ್ರದ ಹೆಸರು ಬದಲಾಯಿತು, ಹೊರಗಿನವನ ಮೇಲಿನ ದ್ವೇಷ ಹಾಗೆಯೇ ಇತ್ತು. ಆ ಪಕ್ಷ 2024ರ ಸೆಪ್ಟೆಂಬರಿನಲ್ಲಿ ನೂರಕ್ಕೆ ಸುಮಾರು 29 ಮತ ಗಳಿಸಿ ಮೊದಲನೆಯ ಸ್ಥಾನಕ್ಕೆ ಬಂದಿತು.

ಜರ್ಮನಿಯಲ್ಲಿ ಇಂಥದೇ ಪಕ್ಷ 2025ರ ಫೆಬ್ರವರಿಯಲ್ಲಿ ನೂರಕ್ಕೆ 20.8 ಮತಗಳೊಡನೆ ಎರಡನೆಯದಾಯಿತು. ಹಿಂದಿನ ಪೂರ್ವ ಜರ್ಮನಿಯ ಐದು ರಾಜ್ಯಗಳಲ್ಲಿಯೂ ಅದೇ ಮೊದಲನೆಯದು. ಪೂರ್ವ ಜರ್ಮನಿಯ ಸರ್ಕಾರ ಕೂಡ, ಪಾಪವೆಲ್ಲ ಗಡಿಯಾಚೆಯ ಬಂಡವಾಳಶಾಹಿಗಳದೆಂದು ನಾಲ್ವತ್ತು ವರ್ಷ ಬೋಧಿಸಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ನಿರುದ್ಯೋಗವೇ ಮೊದಲಾದ ಬೇರೆ ಕಾರಣಗಳೂ ಉಂಟೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಹೇಗೂ ಇರಲಿ, ಜನವರಿ 29ರಂದು ಜರ್ಮನ್ ಸಂಸತ್ತಿನಲ್ಲಿ ಆ ಪಕ್ಷದ ಮತಗಳ ಬಲದಿಂದ ಒಂದು ನಿರ್ಣಯ ಅಂಗೀಕಾರವಾಯಿತೆಂಬಷ್ಟಕ್ಕೇ ಲಕ್ಷಾಂತರ ಜನ ಬೀದಿಗಿಳಿದರು.

ಅದೇ ದಿನಗಳಲ್ಲಿ ವಿಯೆನ್ನದಲ್ಲಿ ಸ್ವಾತಂತ್ರ್ಯ ಪಕ್ಷದ ಹರ್ಬರ್ಟ್ ಕಿಕ್‌ಲ್ ಚಾನ್ಸಲರ್ ಆಗಲು, 2000ದಲ್ಲಿಯೂ 2017ರಲ್ಲಿಯೂ ಆ ಪಕ್ಷದೊಡನೆ ಮಂತ್ರಿಮಂಡಲ ಹಂಚಿಕೊಂಡಿದ್ದ ಜನತಾ ಪಕ್ಷದೊಂದಿಗೆ ಮಾತುಕತೆ ನಡೆಸುತ್ತಿದ್ದರು. ಫೆಬ್ರವರಿ 12ರಂದು ಅದು ಮುರಿದುಬಿತ್ತು; ಮಾರ್ಚಿ 3ರಂದು ಬೇರೆ ಮೂರು ಪಕ್ಷಗಳ ಸರ್ಕಾರ ಪ್ರಮಾಣವಚನ ಸ್ವೀಕರಿಸಿತು. ಮಾತುಕತೆ ಮುರಿದದ್ದು ಪೂರ್ವಚರಿತ್ರೆಯ ಸಂಕೋಚದಿಂದಲ್ಲ. ಮುಖ್ಯವಾಗಿ, ಪೊಲೀಸರನ್ನು ಆಳುವ ಒಳಾಡಳಿತ ಖಾತೆ ಯಾರಿಗೆ ಸೇರಬೇಕೆಂಬ ಜಗಳದಿಂದ.