ಶೇ. 1ರ ಕಥೆಯೂ ನಮ್ಮ ಪುನರ್ಬೋಧನೆಯೂ

ಬೋಧನಾಭ್ಯಾಸಕ್ಕೆ ಹೊರಡುವ ಮುನ್ನ ಪ್ರಶಿಕ್ಷಣಾರ್ಥಿಗಳಿಗೆ ಹೇಳುವ ಕಥೆಗಳಲ್ಲಿ ಬ್ರಿಟನ್ನಿನ ಸೈಕಲ್ ತಂಡದ್ದೂ ಒಂದು. ಮುಖ್ಯಸ್ಥ ಡೇವ್ ಬ್ರೇಲ್ಸ್‌ಫರ್ಡ್ ಸವಾರಿಯ ಪ್ರತಿ ಅಂಶವನ್ನೂ ಬಿಡಿಸಿ ಶೇ. 1ರಷ್ಟು ಸುಧಾರಿಸಲು ನೋಡಿದರು. ಉಡುಪು, ಕೈ ತೊಳೆಯುವ ಕ್ರಮ, ಮಲಗುವ ದಿಂಬು, ಯಾವುದನ್ನೂ ಬಿಡಲಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಟ್ರ್ಯಾಕ್ ಸೈಕ್ಲಿಂಗ್‌ನ 10 ಚಿನ್ನದಲ್ಲಿ 7 ಅವರವೇ. 2012ರಲ್ಲಿ ಲಂಡನ್ನಿನಲ್ಲಿ ಮತ್ತೆ 7. ಕೇಳಲು ಚೆನ್ನಾಗಿದೆ, ಆದರೆ ಇದು ಅರ್ಧ ಕಥೆ.

1996ರ ಅಟ್ಲಾಂಟಾದಲ್ಲಿ ಎಲ್ಲ ಕ್ರೀಡೆಗಳೂ ಸೇರಿ ಬ್ರಿಟನ್ನಿಗೆ ದಕ್ಕಿದ್ದು ಒಂದೇ ಚಿನ್ನ. ಆಮೇಲೆ ಲಾಟರಿಯ ಹಣ ಬಂತು. ಅದಕ್ಕೂ ಮೊದಲೇ, 1994ರಲ್ಲಿ, ಮ್ಯಾಂಚೆಸ್ಟರಿನಲ್ಲಿ 250 ಮೀಟರಿನ ಒಳಾಂಗಣ ಮರದ ಪಥ ತೆರೆದಿತ್ತು. ನನಗೆ ಮುಖ್ಯವೆನಿಸುವುದು ಈ ಪಥ. ಗಾಳಿ, ಮಳೆ, ರಸ್ತೆಯ ಗುಂಡಿ ಇಲ್ಲದ ಕಡೆ ಅದೇ ಸವಾರ ಅದೇ ಸುತ್ತನ್ನು ಮತ್ತೆ ಮತ್ತೆ ತುಳಿದರೆ ಮಾತ್ರ, ಹ್ಯಾಂಡಲ್ ತುಸು ತಗ್ಗಿಸಿದ್ದರಿಂದ ಎಷ್ಟು ಹೊತ್ತು ಉಳಿಯಿತೆಂದು ಅಳೆಯಬಹುದು. ನಮ್ಮ ದೇಶದ ಅನುಭವವೂ ಇದೇ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ದೆಹಲಿಯಲ್ಲಿ ವೆಲೊಡ್ರೋಮ್ ಎದ್ದಿತು. ಅಲ್ಲಿ ಪಳಗಿದ ಹುಡುಗರು 2019ರಲ್ಲಿ ಜರ್ಮನಿಯಲ್ಲಿ ಕಿರಿಯರ ವಿಶ್ವ ಚಾಂಪಿಯನ್‌ಶಿಪ್‌ನ ತಂಡ ಸ್ಪ್ರಿಂಟ್ ಚಿನ್ನ ಗೆದ್ದರು.

ನಾವೂ ಸೂಕ್ಷ್ಮ ಬೋಧನೆಯಲ್ಲಿ ಪಾಠವನ್ನು ಬಿಡಿಸುತ್ತೇವೆ: ಪ್ರಶ್ನಿಸುವ ಕೌಶಲ, ಕಪ್ಪುಹಲಗೆಯ ಬಳಕೆ, ಪುನರ್ಬಲನ. ಬೋಧನೆ, ಹಿಮ್ಮಾಹಿತಿ, ಮರುಯೋಜನೆ, ಪುನರ್ಬೋಧನೆ. ಆದರೆ ಅದೆಲ್ಲ ಸಹಪಾಠಿಗಳ ಮುಂದೆ. (ಅವರು ತಪ್ಪು ಉತ್ತರವನ್ನೂ ನಾವು ಹೇಳಿಕೊಟ್ಟಂತೆಯೇ ಕೊಡುತ್ತಾರೆ!) ಮಾಲೂರಿನ ಶಾಲೆಯೊಂದರಲ್ಲಿ ಎಂಟನೇ ತರಗತಿಯ ‘ಎ’ ವಿಭಾಗಕ್ಕೆ ಘರ್ಷಣೆಯ ಪಾಠ ಮಾಡಿದೆ. “ಮಿಸ್, ಬ್ರೇಕಿಗೆ ಘರ್ಷಣೆ ಬೇಕು ಅಂದ್ರಲ್ಲ, ಮತ್ತೆ ಚೈನ್‌ಗೆ ಎಣ್ಣೆ ಯಾಕೆ ಬಿಡ್ತಾರೆ?” ಎಂದಳು ಒಬ್ಬಳು. ನಾನು ತಡವರಿಸಿದೆ. ವ್ಯಾಖ್ಯಾನಕ್ಕಿಂತ ಮೊದಲು ಉದಾಹರಣೆ ಬರಲಿ ಎಂದು ಮಾರ್ಗದರ್ಶಿಗಳು ವೀಕ್ಷಣಾ ಪುಸ್ತಕದಲ್ಲಿ ಬರೆದರು. ಸರಿಯಾದ ಮಾತೇ. ಆದರೆ ಮಾರನೆಯ ದಿನ ನನಗೆ ಬೇರೆ ಪಾಠ. ಪಕ್ಕದ ‘ಬಿ’ ವಿಭಾಗಕ್ಕೆ ಘರ್ಷಣೆ ಇನ್ನೂ ಆಗಿರಲಿಲ್ಲ.

ಬೋಧನಾಭ್ಯಾಸದ ಪಾಠಗಳಲ್ಲಿ ನಾಲ್ಕನ್ನಾದರೂ ಎರಡನೆಯ ಸಲ, ಇನ್ನೊಂದು ವಿಭಾಗಕ್ಕೆ, ಮಾಡಲು ಬಿಡಬೇಕು. ಎರಡೂ ಲೆಕ್ಕಕ್ಕೆ ಬರಬೇಕು. ಒಂದೇ ವಿಭಾಗವಿರುವ ಹಳ್ಳಿ ಶಾಲೆಗಳಲ್ಲಿ ಇಬ್ಬರು ಪ್ರಶಿಕ್ಷಣಾರ್ಥಿಗಳು ಶಾಲೆ ಬದಲಿಸಿಕೊಳ್ಳಬಹುದು. ವೇಳಾಪಟ್ಟಿ ಕಷ್ಟವಾಗುತ್ತದೆ, ನಿಜ. ಪಾಠಗಳ ಸಂಖ್ಯೆ ತುಂಬಿಸುವುದೂ ಈಗ ಸುಲಭವೇನಲ್ಲ.

ನನಗೆ ಆ ‘ಬಿ’ ವಿಭಾಗ ಸಿಕ್ಕಿದ್ದರೆ, ಎಣ್ಣೆಯ ಪ್ರಶ್ನೆಯಿಂದಲೇ ಪಾಠ ಶುರು ಮಾಡುತ್ತಿದ್ದೆ.