ಹೊಸ ಟ್ರ್ಯಾಕ್ಟರಿಗೆ ಹಳೆಯ ಬಿಡಿಭಾಗ: ಎಡದಂಡೆ ರೈತನ ಮುಂದಿರುವ ಪ್ರಶ್ನೆ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಗಂಗಾವತಿ ಸಮೀಪದ ಮರಳಿ, ಶ್ರೀರಾಮನಗರ, ಕಾರಟಗಿ ಭಾಗದ ಭತ್ತ ಬೆಳೆಗಾರರಿಗೆ ಸಿಗುವುದು ಕೆಲವೇ ವಾರಗಳ ಅವಧಿ. ಅಷ್ಟರೊಳಗೆ ಗದ್ದೆ ಕೆಸರಾಗಬೇಕು, ಮಟ್ಟವಾಗಬೇಕು, ನಾಟಿ ಮುಗಿಯಬೇಕು. ಆ ಹೊತ್ತಿನಲ್ಲಿ ಟ್ರ್ಯಾಕ್ಟರ್ ಕೆಟ್ಟು ನಿಂತರೆ ಅದು ಯಂತ್ರದ ತೊಂದರೆಯಾಗಿ ಮಾತ್ರ ಉಳಿಯುವುದಿಲ್ಲ. ಮಡಿಯಲ್ಲಿನ ಸಸಿ ವಯಸ್ಸು ಮೀರುತ್ತದೆ, ಗೊತ್ತುಮಾಡಿದ ಆಳುಗಳು ಬೇರೆ ಹೊಲಕ್ಕೆ ಹೋಗುತ್ತಾರೆ, ಬಾಡಿಗೆ ಟ್ರ್ಯಾಕ್ಟರಿಗಾಗಿ ಸರದಿ ಕಾಯಬೇಕಾಗುತ್ತದೆ. ಟ್ರ್ಯಾಕ್ಟರ್ ಸಾಲದ ಕಂತು ಮಾತ್ರ ಕಾಯುವುದಿಲ್ಲ.

ಈ ಭಾಗದ ರೈತರ ಕೈ ಈಗಾಗಲೇ ಬಿಗಿಯಾಗಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋಯಿತು. ಎಲ್ಲ 33 ಗೇಟುಗಳನ್ನು ಬದಲಿಸುವ ಕಾಮಗಾರಿಗಾಗಿ 2025–26ರ ಎರಡನೇ ಬೆಳೆಗೆ ನೀರು ಬಿಡದಿರಲು ನಿರ್ಧರಿಸಲಾಯಿತು. ಎರಡು ಬೆಳೆಯ ಲೆಕ್ಕದಲ್ಲಿ ಸಾಲ ಮಾಡಿದವನಿಗೆ ಒಂದೇ ಬೆಳೆ ಕೈಗೆ ಬಂದಾಗ, ದುರಸ್ತಿಗೆ ಹಳೆಯ ಬಿಡಿಭಾಗ ಸಿಕ್ಕರೆ ಸಾಕೆನಿಸುವುದು ಸಹಜ.

ಗುಜರಿಗೆ ಬಾರದ ಹೊಸ ಮಾದರಿ

ಹಿಂದೆ ಇದು ಇಷ್ಟು ಕಷ್ಟವಿರಲಿಲ್ಲ. ಮಹೀಂದ್ರಾ 575, ಮ್ಯಾಸ್ಸಿ ಫರ್ಗ್ಯುಸನ್ 1035ರಂತಹ ಮಾದರಿಗಳು ದಶಕಗಳ ಕಾಲ ಹೆಚ್ಚು ಬದಲಾವಣೆಯಿಲ್ಲದೆ ತಯಾರಾದವು. ಒಂದರ ಗೇರು ಇನ್ನೊಂದಕ್ಕೆ ಹೊಂದುತ್ತಿತ್ತು. ಗುಜರಿಯಲ್ಲಿ ಸಿಗದಿದ್ದರೆ ಲೇತ್ ಅಂಗಡಿಯಲ್ಲಿ ಮಾಡಿಸಿಕೊಳ್ಳಬಹುದಿತ್ತು.

ಹಳೆಯ ಬಿಡಿಭಾಗದ ಮೂಲ ಕಳಚಿದ ಟ್ರ್ಯಾಕ್ಟರ್. ಐದಾರು ವರ್ಷದ ಹಿಂದೆ ಮಾರಾಟಕ್ಕೆ ಬಂದ ಮಾದರಿ ಇನ್ನೂ ದುಡಿಯುತ್ತಲೇ ಇರುತ್ತದೆ. ಅಪಘಾತದಲ್ಲಿ ಜಖಂಗೊಂಡಿದ್ದನ್ನು ಬಿಟ್ಟರೆ ಕಳಚಲು ಸಿಗುವುದು ವಿರಳ. ಜೊತೆಗೆ ಕಂಪನಿಗಳು ಹೆಸರು ಉಳಿಸಿಕೊಂಡೇ ಒಳಗಿನ ಭಾಗಗಳನ್ನು ಬದಲಿಸುತ್ತವೆ. ಒಂದೇ ಮಾದರಿಯ ಎರಡು ವರ್ಷದ ಗಾಡಿಗಳಲ್ಲಿ ಬಿಡಿಭಾಗದ ಸಂಖ್ಯೆ ಬೇರೆಯಾಗಿರಬಹುದು.

ಕೆಸರುಗದ್ದೆಯ ದುಡಿಮೆ ಬೇಡಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಕೇಜ್‌ವೀಲ್ ಕಟ್ಟಿದ ಗಾಡಿಯ ಹಿಂದಿನ ಆಕ್ಸಲ್ ಮತ್ತು ಬೇರಿಂಗಿನ ಮೇಲೆ ಭಾರ ಬೀಳುತ್ತದೆ. ಸೀಲು ಸವೆದರೆ ಕೆಸರು ಒಳಹೊಗುತ್ತದೆ. ಫೋರ್‌ವೀಲ್ ಡ್ರೈವ್ ಗಾಡಿಯಲ್ಲಿ ಮುಂದಿನ ಆಕ್ಸಲ್‌ನ ಗೇರುಗಳಿಗೂ ಇದೇ ಗತಿ.

ಪಾನಾದ ಜೊತೆ ಕಂಪ್ಯೂಟರ್

50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಟ್ರೆಮ್–4 ಹೊಗೆ ನಿಯಮ ಜಾರಿಗೆ ಬಂತು. ಇದರಿಂದ ಕಾಮನ್‌ರೈಲ್ ಇಂಜೆಕ್ಷನ್, ಸೆನ್ಸರು ಮತ್ತು ಇಸಿಯು ಎಂಬ ನಿಯಂತ್ರಣ ಪೆಟ್ಟಿಗೆ ಟ್ರ್ಯಾಕ್ಟರಿನೊಳಗೆ ಬಂದವು. ಇಂತಹ ಇಂಜೆಕ್ಟರಿಗೆ ಸಾಮಾನ್ಯವಾಗಿ ತನ್ನದೇ ಸಂಕೇತ ಸಂಖ್ಯೆ ಇರುತ್ತದೆ. ಬೇರೆ ಗಾಡಿಯಿಂದ ತೆಗೆದು ಕೂಡಿಸಿದರೆ ಸಾಲದು, ಆ ಸಂಖ್ಯೆಯನ್ನು ಇಸಿಯುಗೆ ದಾಖಲಿಸಬೇಕು. ಅದಕ್ಕೆ ಬೇಕಾದ ಉಪಕರಣ ಮತ್ತು ತಂತ್ರಾಂಶ ಹಳ್ಳಿಯ ಮೆಕ್ಯಾನಿಕ್ ಬಳಿ ಇರುವುದು ಅಪರೂಪ. ಬಿಡಿಭಾಗ ಸಿಕ್ಕರೂ ಗಾಡಿ ಡೀಲರ್ ಬಾಗಿಲಿಗೇ ಹೋಗಬೇಕಾಗುತ್ತದೆ.

ಕಾನೂನಿನ ಅಂತರ

ವಾಹನಗಳನ್ನು ಕ್ರಮಬದ್ಧವಾಗಿ ಕಳಚುವ ವ್ಯವಸ್ಥೆ ರೂಪಿಸಲು ಕೇಂದ್ರವು ಆಯುಷ್ಯ ಮುಗಿದ ವಾಹನಗಳ ನಿಯಮಗಳನ್ನು 2025ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಆದರೆ ಕೃಷಿ ಟ್ರ್ಯಾಕ್ಟರ್, ಟ್ರೇಲರ್, ಕಟಾವು ಯಂತ್ರ, ಪವರ್ ಟಿಲ್ಲರುಗಳನ್ನು ಅದರಿಂದ ಹೊರಗಿಟ್ಟಿದೆ. ರೈತನ ಮೇಲೆ ಹೊರೆ ಬೀಳದಿರಲಿ ಎಂಬ ದೃಷ್ಟಿಯಿಂದ ಇದು ಸರಿಯೆನಿಸಬಹುದು. ಆದರೆ ಎಲ್ಲಿಂದ ಬಂತು, ಯಾವ ಸ್ಥಿತಿಯಲ್ಲಿದೆ ಎಂಬ ದಾಖಲೆಯೊಂದಿಗೆ ಹಳೆಯ ಬಿಡಿಭಾಗ ಸಿಗುವ ದಾರಿಯೂ ಇದರೊಂದಿಗೇ ಮುಚ್ಚಿದಂತಾಗಿದೆ.

ದಾಖಲೆ ಇಲ್ಲದಲ್ಲಿ ಕಳವಿನ ಮಾಲು ನುಸುಳುತ್ತದೆ. ಕದ್ದದ್ದೆಂದು ತಿಳಿದು ಅಥವಾ ಹಾಗೆಂದು ನಂಬಲು ಕಾರಣವಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ಇಡೀ ಎಂಜಿನ್ ಬದಲಿಸಿದರೆ ಆರ್‌ಟಿಒ ದಾಖಲೆಯೂ ಬದಲಾಗಬೇಕು. ರಸೀದಿಯಿಲ್ಲದೆ ಅಗ್ಗಕ್ಕೆ ಸಿಕ್ಕ ಭಾಗ ಮುಂದೆ ದುಬಾರಿಯಾಗುವ ಅಪಾಯವಿದೆ.

ದುರಸ್ತಿಯ ಹಕ್ಕಿನ ಚರ್ಚೆಯಲ್ಲಿ ರೈತನ ಹೆಸರು ಬಾರದೇ ಇಲ್ಲ. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಗುರುತಿಸಿದ ನಾಲ್ಕು ಕ್ಷೇತ್ರಗಳಲ್ಲಿ ಕೃಷಿ ಉಪಕರಣವೂ ಒಂದು. ಆದರೆ ದುರಸ್ತಿ ಸೂಚ್ಯಂಕದ ಸಮಿತಿ 2025ರಲ್ಲಿ ವರದಿ ನೀಡಿದ್ದು ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್ ಕುರಿತು. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಕೃಷಿ ಯಂತ್ರ ದುರಸ್ತಿ ಹಕ್ಕಿನ ಕಾಯ್ದೆ 2024ರ ಜನವರಿಯಿಂದಲೇ ಜಾರಿಯಲ್ಲಿದೆ. ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದ 14 ಕಾರು ಕಂಪನಿಗಳಿಗೆ ನಮ್ಮದೇ ಸ್ಪರ್ಧಾ ಆಯೋಗ 2014ರಲ್ಲಿ 2,544 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಆ ಆದೇಶ ಮೇಲ್ಮನವಿಗೆ ಹೋಯಿತಾದರೂ ಅದು ಎತ್ತಿದ ಪ್ರಶ್ನೆ ಟ್ರ್ಯಾಕ್ಟರಿಗೂ ಅನ್ವಯಿಸುತ್ತದೆ.

ಆಗಬೇಕಾದದ್ದೇನು?

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಈ ಲಾಭ ಗ್ರಾಹಕನಿಗೆ ಪೂರ್ತಿ ತಲುಪಿದರೆ ಕೆಲವರಾದರೂ ಗುಜರಿಯ ಬದಲು ಹೊಸದನ್ನೇ ಕೊಳ್ಳುತ್ತಾರೆ. ಬ್ರೇಕ್, ಸ್ಟೇರಿಂಗ್, ಬೇರಿಂಗ್, ಸೀಲುಗಳಲ್ಲಿ ಹಾಗೆ ಮಾಡುವುದೇ ಕ್ಷೇಮ. ಬಾನೆಟ್, ರಿಮ್, ಗೇರ್‌ಬಾಕ್ಸ್ ಕವಚದಂತಹವು ಬಿರುಕಿಲ್ಲದಿದ್ದರೆ ಹಳೆಯದಾದರೂ ನಡೆಯುತ್ತದೆ.

ಆದರೆ ಬೆಲೆ ಇಳಿದ ಮಾತ್ರಕ್ಕೆ ಬಿಡಿಭಾಗ ಸಕಾಲಕ್ಕೆ ಸಿಗುವುದಿಲ್ಲ. ಬಿಡಿಭಾಗಗಳ ಪಟ್ಟಿ ಮತ್ತು ಯಾವುದು ಯಾವ ಮಾದರಿಗೆ ಹೊಂದುತ್ತದೆ ಎಂಬ ವಿವರವನ್ನು ಕಂಪನಿಗಳು ಎಲ್ಲರಿಗೂ ತೆರೆದಿಡಬೇಕು. ದೋಷ ಪತ್ತೆಯ ಉಪಕರಣ ಸ್ವತಂತ್ರ ಮೆಕ್ಯಾನಿಕ್‌ಗಳಿಗೂ ನ್ಯಾಯವಾದ ಬೆಲೆಗೆ ದೊರೆಯಬೇಕು. ಕಡ್ಡಾಯ ಮಾಡದಿದ್ದರೂ, ಇಷ್ಟವಿದ್ದ ರೈತ ತನ್ನ ಹಳೆಯ ಟ್ರ್ಯಾಕ್ಟರನ್ನು ನೋಂದಾಯಿತ ಕಳಚುವ ಕೇಂದ್ರಕ್ಕೆ ಕೊಟ್ಟು ಹಣ ಪಡೆಯುವ, ಅದರ ಭಾಗಗಳು ರಸೀದಿಯೊಂದಿಗೆ ಮಾರಾಟವಾಗುವ ವ್ಯವಸ್ಥೆಯನ್ನು ಸರ್ಕಾರ ಕಲ್ಪಿಸಬಹುದು. ಮಾರಾಟದ ದಿನ ಡೀಲರ್ ಹೇಳುವ ಐದಾರು ವರ್ಷದ ವಾರಂಟಿ ಮುಗಿದ ಬಳಿಕವೂ ಟ್ರ್ಯಾಕ್ಟರ್ ಹತ್ತಾರು ವರ್ಷ ದುಡಿಯಬೇಕು. ಆ ವರ್ಷಗಳ ಹೊಣೆ ಯಾರದೆಂದು ಕಾನೂನು ಇನ್ನೂ ಹೇಳಿಲ್ಲ.